ಸುಣ್ಣ: ಗೋಡೆಗೆ ಬೆಳಕು, ಕಣ್ಣಿಗೆ ಕತ್ತಲು

ಜಾತ್ರೆಯ ದಿನ ಸಮೀಪಿಸಿತೆಂದರೆ ಮಠದ ಪೌಳಿಗೆ, ದಾಸೋಹದ ಮನೆಗೆ, ಬಾವಿಯ ಕಟ್ಟೆಗೆ ಸುಣ್ಣ ಬಳಿಯುವ ಸಡಗರ ಆರಂಭವಾಗುತ್ತದೆ. ಭಕ್ತರ ಮನೆಗಳಲ್ಲಿಯೂ ಯುಗಾದಿ, ದೀಪಾವಳಿ, ಮದುವೆಗಳಿಗೆ ಮುನ್ನ ನಡೆಯುವ ಮೊದಲ ಕೆಲಸ ಇದೇ. ಊಟದ ಬಳಿಕ ಹಿರಿಯರು ವೀಳ್ಯದೆಲೆಗೆ ಸವರುವುದೂ ಸುಣ್ಣವನ್ನೇ. ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರ ಹೆಸರಿನಲ್ಲಿರುವ ‘ಹಡಪ’ ಎಂದರೆ ತಾಂಬೂಲದ ಚೀಲ. ಎಲೆ, ಅಡಿಕೆಗಳ ಜೊತೆಗೆ ಸುಣ್ಣವೂ ಇಲ್ಲದಿದ್ದರೆ ಆ ಚೀಲ ಪೂರ್ಣವಾಗುವುದಿಲ್ಲ. ಇಷ್ಟೊಂದು ಬಳಕೆಯ ವಸ್ತುವನ್ನು ಯಾರೂ ರಾಸಾಯನಿಕವೆಂದು ಎಣಿಸುವುದಿಲ್ಲ. ರಾಸಾಯನಿಕವೆಂದರೆ ಪ್ರಯೋಗಾಲಯದ ಸೀಸೆಯಲ್ಲಿರುವುದು, ಇಲ್ಲವೇ ತಲೆಬುರುಡೆಯ ಚಿತ್ರವಿರುವ ಡಬ್ಬಿಯಲ್ಲಿರುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಾಮಾನ್ಯ ಮನೆಯೊಂದರಲ್ಲಿ ಇರಬಹುದಾದ ಅತ್ಯಂತ ತೀಕ್ಷ್ಣ ಕ್ಷಾರಗಳಲ್ಲಿ ಸುಣ್ಣವೂ ಒಂದು. ಪ್ರತಿ ವರ್ಷ ಅದು ನಮ್ಮ ನಾಡಿನ ಕೆಲವು ಮಕ್ಕಳ ಕಣ್ಣಿನ ಬೆಳಕನ್ನು ಕಸಿಯುತ್ತಿದೆ. ಆ ನಷ್ಟವನ್ನು ಬಹುಪಾಲು ತಡೆಯಬಲ್ಲದ್ದು ಮನೆಯಲ್ಲಿಯೇ ಇರುವ ಒಂದು ಬಿಂದಿಗೆ ನೀರು. ಆದ್ದರಿಂದ ಸುಣ್ಣದ ಸ್ವಭಾವವನ್ನು ಸ್ವಲ್ಪ ವಿವರವಾಗಿ ಅರಿಯುವುದು ಯುಕ್ತ.

ಸುಣ್ಣದ ಮೂಲ ಸುಣ್ಣಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ, ಸೇಡಂ, ವಾಡಿಗಳ ನೆಲದಲ್ಲಿ, ಬಾಗಲಕೋಟೆಯ ಸುತ್ತಮುತ್ತ ಅದು ಹೇರಳವಾಗಿದೆ. ಕರಾವಳಿಯವರು ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಎರಡರಲ್ಲಿಯೂ ಇರುವ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಒಂದೇ. ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಅನಿಲ ಹೊರಟುಹೋಗುತ್ತದೆ. ನೂರು ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಅನಿಲವಾಗಿ ತೊಲಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಭಟ್ಟಿಯಿಂದ ತೆಗೆದ ಹರಳು ಹಗುರವೆನಿಸುವುದಕ್ಕೆ ಇದೇ ಕಾರಣ. ಚಳಿಗಾಲದಲ್ಲಿ ಬೆಚ್ಚಗಿರುತ್ತದೆಂದು ಸುಣ್ಣದ ಭಟ್ಟಿಯ ಮಗ್ಗುಲಲ್ಲಿ ಮಲಗಬಾರದೆಂದು ಹೇಳುವುದೂ ಈ ಅನಿಲದ ದೆಸೆಯಿಂದ. ಅದು ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ಅರೆಬೆಂದ ಇದ್ದಿಲಿನಿಂದ ಹೊರಡುವ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷವೂ ಅದರೊಡನೆ ಸೇರಿರುತ್ತದೆ.

ಸುಟ್ಟ ಸುಣ್ಣಕ್ಕೆ ನೀರಿನ ದಾಹ ಬಹಳ. ನೀರು ಸೋಕಿದೊಡನೆ ಅದು ಬಿರಿದು, ಬುಸುಗುಟ್ಟಿ, ಅರಳಿ ಹಿಟ್ಟಾಗುತ್ತದೆ. ಈ ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಾಖ ಸಾಮಾನ್ಯವಾದುದಲ್ಲ. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ ಅರಳುವಾಗ ಹೊರಸೂಸುವ ಶಾಖವು ಸುಮಾರು ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಒಲೆಯಿಲ್ಲದೆ ಬಾನಿಯೊಳಗೆ ಸುಣ್ಣ ಕೊತಕೊತನೆ ಕುದಿಯುವುದನ್ನು ನೋಡಲು ಹಳ್ಳಿಯ ಮಕ್ಕಳು ಸುತ್ತ ನೆರೆಯುವುದುಂಟು. ಅಪಾಯದ ಮೊದಲ ಹೊತ್ತು ಅದೇ. ಹರಳಿನ ರಾಶಿಯ ಮೇಲೆ ಒಂದೆರಡು ಚೊಂಬು ನೀರನ್ನು ಸುರಿದರೆ ಆ ಅಲ್ಪ ನೀರು ಕ್ಷಣದಲ್ಲಿ ಆವಿಯಾಗಿ ಬಿಸಿ ಸುಣ್ಣವನ್ನು ಆಳೆತ್ತರಕ್ಕೆ ಚಿಮ್ಮಿಸುತ್ತದೆ. ಆದುದರಿಂದ ಮೊದಲು ಬಾನಿಯಲ್ಲಿ ಧಾರಾಳವಾಗಿ ನೀರನ್ನು ತುಂಬಿ, ಅದಕ್ಕೆ ಹರಳುಗಳನ್ನು ಸ್ವಲ್ಪಸ್ವಲ್ಪವಾಗಿ ಇಳಿಬಿಡಬೇಕು. ಹುಟ್ಟಿದ ಶಾಖವನ್ನು ಹೀರಿಕೊಳ್ಳುವಷ್ಟು ನೀರು ಅಲ್ಲಿದ್ದಾಗ ಚಿಮ್ಮುವ ಬಲ ಕುಗ್ಗುತ್ತದೆ.

ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಸಂಪಾದಿಸಿಕೊಳ್ಳುತ್ತದೆ ಎನ್ನಬಹುದು. ಬಳಿದ ದಿನ ಕೈಗೆ ಅಂಟುವ ಸುಣ್ಣವು ಕೆಲವು ವಾರಗಳಲ್ಲಿ ಗಟ್ಟಿಯಾಗುವುದರ ಗುಟ್ಟು ಇದು. ಇದೇ ಗುಣದಿಂದ ವಿಜಯಪುರದ ಗೋಳಗುಮ್ಮಟದ ಗಾರೆ ಶತಮಾನಗಳನ್ನು ತಾಳಿಕೊಂಡಿದೆ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯಿಂದಲೇ ಕನ್ನಂಬಾಡಿಯ ಕೃಷ್ಣರಾಜ ಸಾಗರವನ್ನು ಕಟ್ಟಿದರು. ಹೊಸ ಸುಣ್ಣದ ಕ್ಷಾರ ಗೋಡೆಯ ಮೇಲಿನ ಬೂಷ್ಟು, ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಕೊಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರ ಪದ್ಧತಿ ಅರ್ಥಪೂರ್ಣವಾದುದೇ. ಆದರೆ ಸುಣ್ಣ ಕಲ್ಲಾದಂತೆಲ್ಲ ಆ ಶಕ್ತಿ ಕ್ಷೀಣಿಸುತ್ತದೆಯಾದ್ದರಿಂದ ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಬಳಿಯಬೇಕು. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಮಾಳಿಗೆಗೆ ಬಳಿದ ಸುಣ್ಣ ಒಳಮನೆಯನ್ನು ತಂಪಾಗಿರಿಸುತ್ತದೆ. ಇದಕ್ಕೆ ವಿದ್ಯುತ್ತು ಬೇಕಿಲ್ಲ.

ಇಷ್ಟೆಲ್ಲ ಉಪಕಾರಕ್ಕೆ ಕಾರಣವಾದ ಕ್ಷಾರಗುಣವೇ ಅಪಾಯಕ್ಕೂ ಕಾರಣ. ದ್ರವವೊಂದರ ಆಮ್ಲತೆ ಅಥವಾ ಕ್ಷಾರತೆಯನ್ನು ಅಳೆಯಲು ಪಿ.ಎಚ್. ಎಂಬ ಮಾನವನ್ನು ಬಳಸುತ್ತಾರೆ. ಶುದ್ಧ ನೀರು 7. ಅದಕ್ಕಿಂತ ಮೇಲಕ್ಕೆ ಹೋದಂತೆ ಕ್ಷಾರ ಹೆಚ್ಚು, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಅಡುಗೆ ಸೋಡಾ ಎಂಟನ್ನು ಸ್ವಲ್ಪ ದಾಟುತ್ತದೆ. ನಮ್ಮ ಕಣ್ಣೀರು ಸುಮಾರು 7.4. ಸುಣ್ಣದ ತಿಳಿನೀರು ಸುಮಾರು 12.4. ಅಂದರೆ ಕಣ್ಣೀರಿಗಿಂತ ಐದು ಮೆಟ್ಟಿಲು ಮೇಲೆ, ಕ್ಷಾರದ ಬಲದಲ್ಲಿ ಒಂದು ಲಕ್ಷ ಪಟ್ಟು.

ಕ್ಷಾರಕ್ಕೆ ಕೊಬ್ಬನ್ನು ಸಾಬೂನಾಗಿಸುವ ಗುಣವಿದೆ. ಮಡಿವಾಳ ಕಾಯಕದವರು ಪರಂಪರೆಯಿಂದ ಬಳಸುತ್ತಿದ್ದ ಚೌಳುಮಣ್ಣು ಬಟ್ಟೆಯ ಜಿಡ್ಡನ್ನು ಬಿಡಿಸುತ್ತಿದ್ದುದು ಕ್ಷಾರದಿಂದಲೇ. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಯೂ ಕೊಬ್ಬಿನಿಂದಾದದ್ದು. ಬಟ್ಟೆಯ ಜಿಡ್ಡಿಗೆ ಆಗುವುದೇ ಕಣ್ಣಿನ ಪೊರೆಗೂ ಆಗುತ್ತದೆ. ಆಮ್ಲ ಕಣ್ಣಿಗೆ ಬಿದ್ದರೆ ಅಲ್ಲಿನ ಸಸಾರಜನಕವನ್ನು ಹೆಪ್ಪುಗಟ್ಟಿಸುತ್ತದೆ; ಆ ಹೆಪ್ಪು ಆಮ್ಲವೇ ಒಳಕ್ಕೆ ಇಳಿಯದಂತೆ ಒಂದಿಷ್ಟು ತಡೆಯಾಗುತ್ತದೆ. ಕ್ಷಾರಕ್ಕೆ ಅಂಥ ತಡೆ ಬಲವಾಗಿ ಏರ್ಪಡುವುದಿಲ್ಲ. ಪೊರೆಗಳನ್ನು ಕರಗಿಸುತ್ತ ಅದು ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸುಣ್ಣದಲ್ಲಿ ಇನ್ನೊಂದು ಕೇಡಿದೆ. ಅದರ ಕಣಗಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಸಿಕ್ಕಿಕೊಂಡು, ಹೊರಗಿನಿಂದ ಕಣ್ಣು ತೊಳೆದಂತೆ ಕಂಡರೂ ಗಂಟೆಗಟ್ಟಲೆ ಕರಗುತ್ತ ಸುಡುತ್ತಲೇ ಇರುತ್ತವೆ.

ಈ ಅಪಘಾತಗಳು ನಡೆಯುವ ಬಗೆ ಬಹುಪಾಲು ಒಂದೇ. ತಾಂಬೂಲದ ಸುಣ್ಣ ಈಗ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ, ಕೊಳವೆಗಳಲ್ಲಿ ಬರುತ್ತದೆ. ಅಜ್ಜನ ಅಂಗಿಯ ಜೇಬಿನಿಂದಲೋ ಅಜ್ಜಿಯ ಎಲೆಚೀಲದಿಂದಲೋ ಮಗು ಅದನ್ನು ಎಳೆದುಕೊಳ್ಳುತ್ತದೆ. ಮೆತ್ತಗಿದೆ, ಹಿಚುಕಲು ಚೆಂದ. ಹಿಚುಕಿದಾಗ ಒಳಗಿನ ಒತ್ತಡ ಏರಿ, ಪೊಟ್ಟಣದ ದುರ್ಬಲವಾದ ಅಂಚು ಒಮ್ಮೆಲೇ ಒಡೆಯುತ್ತದೆ. ಮಗು ಆಟಿಕೆಯನ್ನು ಹಿಡಿಯುವುದು ಮುಖದ ಹತ್ತಿರ. ಆದುದರಿಂದ ಸಿಡಿದ ಸುಣ್ಣ ನೇರವಾಗಿ ಕಣ್ಣಿಗೇ ಬರುತ್ತದೆ, ಎಷ್ಟೋ ವೇಳೆ ಎರಡು ಕಣ್ಣಿಗೂ. ನಮ್ಮ ದೇಶದ ನೇತ್ರತಜ್ಞರು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರೆದಿರುವ ಸಂಗತಿ ಇದು. ಮಗು ಚೀರುತ್ತದೆ. ಮನೆಯವರು ಗಾಬರಿಯಿಂದ ಒಬ್ಬರು ಹರಳೆಣ್ಣೆ ಬಿಡುತ್ತಾರೆ, ಇನ್ನೊಬ್ಬರು ಎದೆಹಾಲು, ಮತ್ತೊಬ್ಬರು ತುಪ್ಪ. ಕಣ್ಣಿಗೆ ಬಟ್ಟೆ ಕಟ್ಟಿ ತಾಲ್ಲೂಕಿಗೆ ಹೋಗುವ ಬಸ್ಸಿಗಾಗಿ ಕಾಯುತ್ತಾರೆ. ಆ ಒಂದು ಗಂಟೆಯಲ್ಲಿ ಕಣ್ಣು ಒಳಗೊಳಗೇ ಬೇಯುತ್ತಿರುತ್ತದೆ.

ನೀರು ಹಾಕಬೇಡಿ, ಸುಣ್ಣಕ್ಕೆ ನೀರು ಸೋಕಿದರೆ ಕುದಿಯುತ್ತದೆ ಎಂದು ತಡೆಯುವ ಹಿರಿಯರೂ ಉಂಟು. ಬಾನಿಯಲ್ಲಿ ಕಂಡದ್ದನ್ನು ನೆನೆದು ಹೇಳುವ ಈ ಮಾತು ಸಹಜವೇ, ಆದರೆ ಅದು ಕಣ್ಣನ್ನು ಕಳೆಯುವ ಮಾತು. ಪೊಟ್ಟಣದ ಸುಣ್ಣ ಈಗಾಗಲೇ ನೀರು ಕುಡಿದು ಅರಳಿ ತಣಿದದ್ದು. ಅದು ಮತ್ತೆ ಕುದಿಯಲಾರದು. ಸುಟ್ಟ ಹರಳಿನ ಪುಡಿಯೇ ಬಿದ್ದಿದ್ದರೂ ಕಣ್ಣಿನ ಪಸೆ ಅದನ್ನು ಆಗಲೇ ಅರಳಿಸುತ್ತಿರುತ್ತದೆ. ಬಾನಿಗೆ ಹೇಳಿದ ನಿಯಮವೇ ಇಲ್ಲಿಗೂ ಅನ್ವಯಿಸುತ್ತದೆ: ಅಲ್ಪ ನೀರು ಕುದಿಯುತ್ತದೆ, ಹರಿಯುವ ಧಾರಾಳ ನೀರು ಶಾಖವನ್ನೂ ಕ್ಷಾರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ನೀರು ಧಾರಾಳವಾಗಿರಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಸುಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು. ಒಂದು ಗ್ರಾಂ ಸುಣ್ಣ ಕರಗಲು ಅರ್ಧ ಲೀಟರಿಗೂ ಹೆಚ್ಚು ನೀರು ಬೇಕು. ನಾಲ್ಕು ಹನಿ ನೀರನ್ನು ಚಿಮುಕಿಸಿದರೆ ಕಣ್ಣಿನಲ್ಲಿ ಸುಣ್ಣದ ತಿಳಿನೀರನ್ನು ತಯಾರಿಸಿದಂತಾಗುತ್ತದೆಯೇ ಹೊರತು ಸುಣ್ಣ ಹೋಗುವುದಿಲ್ಲ.

ಆಗಬೇಕಾದದ್ದು ಇಷ್ಟು. ಮಗುವನ್ನು ಅಂಗಾತ ಮಲಗಿಸಿ, ಒಬ್ಬರು ತಲೆಯನ್ನು ಹಿಡಿದುಕೊಂಡು, ಎರಡು ಬೆರಳುಗಳಿಂದ ರೆಪ್ಪೆಗಳನ್ನು ಅಗಲಿಸಿ, ಶುದ್ಧವಾದ ಕುಡಿಯುವ ನೀರನ್ನು ಚೊಂಬಿನಿಂದ ಸಣ್ಣ ಧಾರೆಯಾಗಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಸುರಿಯುತ್ತಲೇ ಇರಬೇಕು. ಹರಿದ ನೀರು ಇನ್ನೊಂದು ಕಣ್ಣಿಗೆ ಹೋಗಬಾರದು. ಕಡಿಮೆಯೆಂದರೆ ಅರ್ಧ ಗಂಟೆ. ಮಗು ಒಪ್ಪುವುದಿಲ್ಲ, ಒದೆಯುತ್ತದೆ, ತಾಯಿಯ ಕರುಳು ಕಿವುಚುತ್ತದೆ, ಆದರೂ ಬಿಡುವಂತಿಲ್ಲ. ಕಣ್ಣನ್ನು ಉಜ್ಜಬಾರದು. ಕ್ಷಾರಕ್ಕೆ ಆಮ್ಲ ಮದ್ದೆಂದು ಶಾಲೆಯಲ್ಲಿ ಓದಿದ ನೆನಪಿನಿಂದ ನಿಂಬೆರಸವನ್ನೋ ಮಜ್ಜಿಗೆಯನ್ನೋ ಹಾಕಬಾರದು. ಗಾಯದ ಮೇಲೆ ಇನ್ನೊಂದು ಗಾಯವಾಗುತ್ತದೆ. ಎಣ್ಣೆ, ಹಾಲು, ಜೇನು ಯಾವುದೂ ಬೇಡ. ಅನಂತರ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲಿಯೂ ಬಾಟಲಿಯಿಂದ ನೀರನ್ನು ಹರಿಸುತ್ತ ಹೋಗುವುದು ಉತ್ತಮ. ಅಲ್ಲಿ ವೈದ್ಯರು ರೆಪ್ಪೆಯನ್ನು ಮಗುಚಿ, ಅಂಟಿದ ಕಣಗಳನ್ನು ತೆಗೆದು, ಲವಣದ್ರಾವಣದಿಂದ ಮತ್ತೆ ತೊಳೆದು, ಕ್ಷಾರ ಉಳಿದಿಲ್ಲವೆಂಬುದನ್ನು ಲಿಟ್ಮಸ್ ಕಾಗದದಿಂದ ಪರೀಕ್ಷಿಸುತ್ತಾರೆ. ಅವರು ಎಷ್ಟೇ ನಿಪುಣರಾದರೂ ಮನೆಯಲ್ಲಿ ಕಳೆದ ಮೊದಲ ಹತ್ತು ನಿಮಿಷವನ್ನು ಮರಳಿ ಕೊಡಲಾರರು.

ತೊಳೆಯದೆ ಬಿಟ್ಟ ಕಣ್ಣಿಗೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯ ಎಂದು ಹೆಸರು. ಕಪ್ಪು ಮತ್ತು ಬಿಳುಪು ಸೇರುವ ಅಂಚಿನ ಉಂಗುರದಲ್ಲಿ ಈ ಪಟಲದ ಮೇಲ್ಪದರವನ್ನು ಜೀವನಪರ್ಯಂತ ಹೊಸದಾಗಿ ಬೆಳೆಸುವ ಮೂಲಕೋಶಗಳಿವೆ. ಸುಣ್ಣ ಆ ಉಂಗುರವನ್ನೇ ಸುಟ್ಟರೆ ಕಾರ್ನಿಯದ ಮೇಲೆ ಬಿಳಿಭಾಗದ ಪೊರೆಯೂ ರಕ್ತನಾಳಗಳೂ ಹಬ್ಬಿ ಕಣ್ಣು ಮಂಜಾಗುತ್ತದೆ. ಇಂಥ ಕಣ್ಣಿಗೆ ನೇತ್ರದಾನದಿಂದ ಬಂದ ಕಾರ್ನಿಯವನ್ನು ಹಾಕಿದರೂ ಅದು ನಿಲ್ಲುವುದಿಲ್ಲ. ಮಣ್ಣೇ ಸತ್ತ ಹೊಲದಲ್ಲಿ ಸಸಿ ನೆಟ್ಟ ಹಾಗೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ತಜ್ಞರು 2012ರಲ್ಲಿ ಪ್ರಕಟಿಸಿದ ಒಂದು ವಿಧಾನ ಈ ವಿಷಯದಲ್ಲಿ ಆಶಾದಾಯಕವಾಗಿದೆ. ಕೆಡದೆ ಉಳಿದ ಇನ್ನೊಂದು ಕಣ್ಣಿನ ಅಂಚಿನಿಂದ ಅತಿ ಸಣ್ಣ ತುಣುಕನ್ನು ತೆಗೆದು, ಅದನ್ನು ಹಲವು ಚೂರುಗಳಾಗಿಸಿ ಸುಟ್ಟ ಕಣ್ಣಿನ ಮೇಲೆ ನಾಟಿ ಮಾಡುತ್ತಾರೆ. ಆ ಚೂರುಗಳಿಂದ ಹೊಸ ಪದರ ಬೆಳೆಯುತ್ತದೆ. ಆದರೆ ಎರಡೂ ಕಣ್ಣು ಸುಟ್ಟ ಮಗುವಿನಲ್ಲಿ ತೆಗೆಯಲು ಒಳ್ಳೆಯ ಅಂಚು ಎಲ್ಲಿಂದ ಬರಬೇಕು?

ಮಕ್ಕಳಿರುವ ಮನೆಯಲ್ಲಿ ಹಿಂದಿನ ಕಾಲದ ಲೋಹದ ಸುಣ್ಣದ ಡಬ್ಬಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದನ್ನು ಹಿಚುಕಿದರೆ ಒಡೆಯುವುದಿಲ್ಲ. ಅದನ್ನೂ ಮಗುವಿನ ಕೈಗೆ ಎಟುಕದ ಎತ್ತರದಲ್ಲಿಯೇ ಇಡಬೇಕು. ಜಾತ್ರೆಗೆ ಸುಣ್ಣ ಬಳಿಯುವ ಸೇವೆಗೆ ಬರುವ ಭಕ್ತರು ಕನ್ನಡಕ ಧರಿಸಬೇಕು. ತಲೆಯ ಮೇಲಿನ ಭಾಗಕ್ಕೆ ಬಳಿಯುವಾಗಲಂತೂ ಅದಿಲ್ಲದೆ ಏಣಿ ಹತ್ತಬಾರದು. ಸುಣ್ಣದ ಬಕೆಟ್ಟಿನ ಪಕ್ಕದಲ್ಲಿಯೇ ಶುದ್ಧ ನೀರಿನ ಇನ್ನೊಂದು ಬಕೆಟ್ಟು ಚೊಂಬಿನ ಸಹಿತ ಇರಲಿ.

ಚರ್ಮಕ್ಕೂ ಸುಣ್ಣ ಹಿತವಲ್ಲ. ಗಾರೆ ಕೆಲಸದವರ ಬೆರಳುಗಳು ಬಿರಿಯುವುದು, ಉಗುರಿನ ಸಂದು ಹುಣ್ಣಾಗುವುದು ಕ್ಷಾರದಿಂದ. ಹಸಿ ಸಿಮೆಂಟಿನಲ್ಲಿಯೂ ಸುಣ್ಣದಷ್ಟೇ ತೀಕ್ಷ್ಣವಾದ ಕ್ಷಾರವಿದೆ. ಬರಿಗಾಲಿನಲ್ಲಿ ಸಿಮೆಂಟ್ ತುಳಿಯುತ್ತ ನಿಂತವನಿಗೆ ಮೊದಲು ನೋವೇ ತಿಳಿಯದು. ಸಂಜೆಯ ಹೊತ್ತಿಗೆ ಚರ್ಮ ಬೆಂದಿರುತ್ತದೆ. ಒಣ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ಆಮೇಲೆ ಬಹಳ ಹೊತ್ತು ನೀರಿನಲ್ಲಿ ತೊಳೆಯಬೇಕು.

ಇನ್ನು ಬಾಯಿಯ ವಿಚಾರ. ತಾಂಬೂಲ ನಮ್ಮ ಸಂಸ್ಕೃತಿಯ ಗೌರವದ ಕುರುಹಾದುದರಿಂದ ಈ ಮಾತು ಕೆಲವರಿಗೆ ಕಹಿಯಾಗಬಹುದು. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಸೇರಿಸಿ ತಿಕ್ಕುವುದೇಕೆ? ತಂಬಾಕಿನ ಎಲೆಯಲ್ಲಿ ನಿಕೋಟಿನ್ ಲವಣರೂಪದಲ್ಲಿ ಕಟ್ಟಿಹಾಕಲ್ಪಟ್ಟಿರುತ್ತದೆ. ಸುಣ್ಣದ ಕ್ಷಾರ ಆ ಕಟ್ಟನ್ನು ಬಿಚ್ಚುತ್ತದೆ. ಬಿಡುಗಡೆಯಾದ ನಿಕೋಟಿನ್ ಬಾಯಿಯ ತೆಳುಪೊರೆಯ ಮೂಲಕ ಬೇಗನೆ ರಕ್ತಕ್ಕೆ ಸೇರುತ್ತದೆ. ಸುಣ್ಣವಿಲ್ಲದ ತಂಬಾಕು ‘ಏರುವುದಿಲ್ಲ’ ಎಂದು ಹಚ್ಚುವವರು ಹೇಳುವುದು ರಸಾಯನಶಾಸ್ತ್ರದ ದೃಷ್ಟಿಯಿಂದ ನಿಜ. ಚಟ ಬಿಗಿಯಾಗುವುದೂ ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರಿದ ವೀಳ್ಯವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕವೆಂದು ಹೇಳಿತು. 2004ರಲ್ಲಿ ತಂಬಾಕಿಲ್ಲದ ವೀಳ್ಯವನ್ನೂ, ಬರಿಯ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಅಡಿಕೆಯನ್ನು ಸದಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುನಾರಾಗಿ ಬಿಗಿದು ಬಾಯಿ ತೆರೆಯಲಾಗದಂತಾಗುತ್ತದೆ. ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದವರು, ಮೂರು ವಾರ ಕಳೆದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆಯುಳ್ಳವರು ವೈದ್ಯರಿಗೆ ತೋರಿಸಲು ತಡಮಾಡಬಾರದು. ಮದುವೆಯಲ್ಲಿ ಒಂದು ದಿನ ಹಾಕಿಕೊಂಡ ಎಲೆಯನ್ನು ಕುರಿತು ನಾನು ಹೇಳುತ್ತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ದವಡೆಯಲ್ಲಿ ಉಳಿಯುವ ಎಲೆಯ ಮಾತು ಇದು.

ಜಾತ್ರೆಯ ಮೈದಾನದಲ್ಲಿ ಚರಂಡಿಯ ಅಂಚಿಗೆ ಸುಣ್ಣದೊಡನೆ ಎರಚುವ ಬ್ಲೀಚಿಂಗ್ ಪುಡಿಯೂ ಸುಣ್ಣದ ಸಂತಾನವೇ. ಅರಳಿದ ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಕುಡಿಸಿ ಅದನ್ನು ತಯಾರಿಸುತ್ತಾರೆ. ನೀರಿನ ತೊಟ್ಟಿಗೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿಯನ್ನು ಬೆರೆಸಿ ಒಂದು ಗಂಟೆ ಬಿಟ್ಟು ಬಳಸಬಹುದು. ಆದರೆ ಶೌಚಾಲಯ ತೊಳೆಯುವ ಆಸಿಡ್ಡಿನೊಡನೆ ಅದನ್ನು ಎಂದಿಗೂ ಬೆರೆಸಬಾರದು. ಕುಡಿಸಿದ ಕ್ಲೋರಿನ್ ಅಷ್ಟೂ ಹೊರಕ್ಕೆ ಬಂದು, ಮುಚ್ಚಿದ ಕೋಣೆಯಲ್ಲಿರುವವರ ಶ್ವಾಸಕೋಶವನ್ನು ಸುಡುತ್ತದೆ.

ಕೊನೆಯದಾಗಿ, ಭಕ್ತರು ಆಗಾಗ ಕೇಳುವ ಪ್ರಶ್ನೆ: ಮೂಳೆ ಗಟ್ಟಿಯಾಗಲು ದಿನವೂ ಕಡಲೆಕಾಳಿನಷ್ಟು ಸುಣ್ಣವನ್ನು ಮೊಸರಿನಲ್ಲಿಯೋ ನೀರಿನಲ್ಲಿಯೋ ಸೇವಿಸಬಹುದೆ? ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರೊಟ್ಟಿ ಮಾಡುವುದರಿಂದ ಅವರಿಗೆ ಕ್ಯಾಲ್ಸಿಯಂ ದೊರೆಯುವುದಲ್ಲದೆ ಕಾಳಿನಲ್ಲಿ ಅಡಗಿದ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗುತ್ತದೆ. ಸುಣ್ಣದ ಈ ಪಾಕವನ್ನು ಕಲಿಯದೆ ಬರಿಯ ಮೆಕ್ಕೆಜೋಳವನ್ನು ಒಯ್ದ ಇಟಲಿ, ಸ್ಪೇನ್‌ಗಳ ಬಡವರು ಪೆಲಾಗ್ರ ಎಂಬ ಚರ್ಮರೋಗ, ಚಿತ್ತಭ್ರಮೆಗಳಿಗೆ ತುತ್ತಾದರು. ಆದರೆ ಅಲ್ಲಿ ಕಾಳನ್ನು ತೊಳೆದು ಕ್ಷಾರವನ್ನು ಕಳೆಯುತ್ತಾರೆ, ಸುಣ್ಣವನ್ನೇ ನುಂಗುವುದಿಲ್ಲ. ನೇರವಾಗಿ ನುಂಗಿದ ಸುಣ್ಣದ ಅಳತೆ ಕೈತಪ್ಪಿದರೆ ಬಾಯಿ, ಅನ್ನನಾಳಗಳು ಸುಡುತ್ತವೆ. ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರ ಎರಡೂ ಏರಿ ಮೂತ್ರಪಿಂಡ ಕೆಡುತ್ತದೆ. ಸುಣ್ಣ ಸೇರಿಸಿ ಅಡಿಕೆ ಜಗಿಯುವವರಲ್ಲಿ ಇಂಥ ಪ್ರಸಂಗಗಳು ವರದಿಯಾಗಿವೆ. ಮೂತ್ರಪಿಂಡದ ತೊಂದರೆ, ಕಲ್ಲಿನ ಬಾಧೆ ಇರುವವರು ಹಾಗೂ ಗರ್ಭಿಣಿಯರು ಈ ಪ್ರಯೋಗಕ್ಕೆ ಕೈಹಾಕಲೇಬಾರದು. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎರಡು ಲೋಟ ಹಾಲು ಅಥವಾ ಮಜ್ಜಿಗೆ, ಒಂದು ಹಿಡಿ ನುಗ್ಗೆಸೊಪ್ಪು, ಎರಡು ಚಮಚ ಎಳ್ಳಿನ ಪುಡಿ ಉಳಿದುದನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ.